ಎಡಗಡೆ ಸೀಟಿನ ಬ್ರೇಕು

ಟೈಲರಮ್ಮ ಕಾರು ಕೊಂಡದ್ದೇ ಗಂಡನ ಸ್ಕೂಟರಿನ ಹಿಂದೆ ಕೂತು ಸಾಕಾಗಿ. ಹೊಲಿದ ಬಟ್ಟೆಯ ಗಂಟನ್ನು ಗಿರಾಕಿಗಳ ಮನೆಗೆ ಮುಟ್ಟಿಸಬೇಕೆಂದರೆ ಆತನಿಗೆ ಬಿಡುವೂ ಇರಬೇಕು, ಮನಸ್ಸೂ ಬರಬೇಕು. ಇನ್ನಾದರೂ ತನ್ನ ಪಾಡಿಗೆ ತಾನು ಒಬ್ಬಳೇ ಹೋಗಿಬರಬೇಕೆಂಬುದು ಅವಳ ಹಟ. ಲೈಸೆನ್ಸ್ ಕೈಗೆ ಬಂದ ವಾರವೇ ಪತ್ರಿಕೆಯಲ್ಲಿ ಜಾಹೀರಾತು ಕಂಡಿತು: 'ಒಬ್ಬರೇ ಓಡಿಸಿದ ಕಾರು. ಭಾನುವಾರ ಮಾತ್ರ ಹೊರಗೆ ತೆಗೆದದ್ದು.' ಬೆಳ್ಳಗಿರುವುದೆಲ್ಲ ಹಾಲೆಂದು ನಂಬಿ ಕೊಂಡೇಬಿಟ್ಟಳು.

ಮೊದಲ ದಿನ ಗಂಡ ಪಕ್ಕದಲ್ಲಿ ಕೂತ. ಕೂತದ್ದೇ ತಡ, ಶುರುವಾಯಿತು.

"ನಿಧಾನ! ನಾಯಿ ನೋಡು!"

"ಅದು ಮಲಗಿದೆ ಕಣ್ರೀ. ಅದೂ ಫುಟ್‌ಪಾತಿನ ಮೇಲೆ."

"ಏಳಲ್ಲ ಅಂತ ಏನು ಗ್ಯಾರಂಟಿ?" ಎಂದವನೇ ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತಿದ. ಅದು ಅವನ ಹಳೇ ಚಟ. ಬಸ್ಸಿನಲ್ಲಿ ಕೂತರೂ ಒತ್ತುತ್ತಾನೆ, ಪುಣ್ಯಾತ್ಮ.

ಕಾರು ಗಕ್ಕನೆ ನಿಂತಿತು.

ಟೈಲರಮ್ಮ ತನ್ನ ಕಾಲು ನೋಡಿಕೊಂಡಳು. ಅದು ಬ್ರೇಕಿನ ಹತ್ತಿರವೂ ಇರಲಿಲ್ಲ. ಗಂಡನ ಕಾಲಡಿಯ ದಪ್ಪ ಮ್ಯಾಟು ಎತ್ತಿದರೆ, ಅಯ್ಯೋ ದೇವರೇ, ಅಲ್ಲೊಂದು ಬ್ರೇಕು! ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲಿಗೆ ಇರುತ್ತದಲ್ಲ, ಅದೇ.

ಕಾರನ್ನು ನೇರ ಮಾರಿದವನ ಮನೆಗೆ ತಿರುಗಿಸಿದಳು. "ಒಬ್ರೇ ಓಡಿಸಿದ್ದು ಅಂದ್ರಲ್ಲ, ನಿಜ ಹೇಳಿ, ಎಷ್ಟು ಜನ ಓಡಿಸಿದಾರೆ?"

ಆತ ತಲೆ ಕೆರೆದುಕೊಂಡ. "ಪಾಸಾದವರನ್ನ ಮಾತ್ರ ಹೇಳ್ಲಾ, ಫೇಲಾದವರನ್ನೂ ಸೇರಿಸ್ಲಾ ಮೇಡಂ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಗಾಡಿ ನೀವೇ ಇಟ್ಕೊಳ್ಳಿ, ನನ್ನ ದುಡ್ಡು ನನಗೆ ಕೊಡಿ."

"ತಪ್ಪಾಯ್ತು ಮೇಡಂ, ಕೊಡ್ತೀನಿ," ಎಂದ ಆತ.

ಬೇಡವೆಂದವನು ಗಂಡ! ದಾರಿಯುದ್ದಕ್ಕೂ 'ಮೋಸಗಾರ, ಬಿಡಲ್ಲ ಅವನನ್ನ' ಎಂದು ಹಾರಾಡಿದವನು ಈಗ ಬೆಣ್ಣೆಯಂತೆ ಕರಗಿದ್ದ. "ಇರ್ಲಿ ಬಿಡೇ. ಇಂಜಿನ್ ಚೆನ್ನಾಗಿದೆ. ಬ್ರೇಕು ನನ್ನ ಕಾಲಡೀಲೇ ಇದೆ. ಇನ್ಮೇಲೆ ದಿನಾ ನಾನೇ ಜೊತೆಗೆ ಬರ್ತೀನಿ."

ದಿನಾ! ಟೈಲರಮ್ಮನಿಗೆ ಅನ್ನಿಸಿತು, ಇದಕ್ಕಿಂತ ಸ್ಕೂಟರೇ ವಾಸಿಯಿತ್ತು. ಆದರೆ ಕಾರನ್ನು ನೋಡಿ ಮರುಕವೂ ಆಯಿತು. ಅಷ್ಟು ಜನರ ಕೈಯಲ್ಲಿ ನಲುಗಿಯೂ ಅದು ಬರುವ ದಾರಿಯಲ್ಲಿ ಒಮ್ಮೆಯೂ ಕೆಮ್ಮಿರಲಿಲ್ಲ, ಪಾಪ.

"ಆಯ್ತು, ಕಾರು ನನಗೇ ಇರ್ಲಿ," ಎಂದಳು ಮಾರಿದವನಿಗೆ. "ನೀವೊಂದು ಸ್ಪ್ಯಾನರ್ ತನ್ನಿ."

ಹತ್ತು ನಿಮಿಷದಲ್ಲಿ ಎಡಗಡೆಯ ಬ್ರೇಕು ಕಳಚಿ ಬಂತು. ಅದನ್ನವಳು ಒರೆಸಿ ಗಂಡನ ಕೈಗಿಟ್ಟಳು. "ತಗೊಳ್ರೀ. ಮನೇಲಿ ಕೂತು ಎಷ್ಟು ಬೇಕಾದ್ರೂ ಒತ್ತಿ."

ಮರುದಿನ ಎಡಗಡೆ ಸೀಟಿನಲ್ಲಿ ಬಟ್ಟೆಯ ಗಂಟು ಕೂತಿತ್ತು. ನಾಯಿ ಎದ್ದು ರಸ್ತೆಗೇ ಬಂತು. ಟೈಲರಮ್ಮ ತಾನೇ ಬ್ರೇಕು ಒತ್ತಿ, ಅದು ದಾಟುವವರೆಗೂ ಕಾದಳು. ಗಂಟು ತುಟಿ ಪಿಟಕ್ಕೆನ್ನಲಿಲ್ಲ.