ಹಗ್ಗದ ಈ ತುದಿ

"ಕೈ ಮೇಲೆತ್ತೋ, ಬೋಳಿಮಗನೆ!"

ಎತ್ತುವಂತಿರಲಿಲ್ಲ. ಎರಡೂ ಕೈಯಲ್ಲಿ ಹಗ್ಗವಿತ್ತು. ಅದರ ಇನ್ನೊಂದು ತುದಿ ಚರಂಡಿ ಗುಂಡಿಯೊಳಗೆ, ಅಕ್ಕನ ಗಂಡನ ಸೊಂಟದಲ್ಲಿತ್ತು.

ಪೊಲೀಸನ ಲಾಠಿ ಮೊಣಕೈ ಮೇಲೆ ಬಿತ್ತು.

"ಸಾರ್, ಒಳಗೆ ನಮ್ಮ ಭಾವ ಇದಾನೆ. ಬಿಟ್ರೆ ಹೋಗ್ಬಿಡ್ತಾನೆ."

"ಭಾವನಂತೆ! ಹಾಡಹಗಲೇ ಮುಚ್ಚಳ ಕದ್ದು ಗುಜರಿಗೆ ಹಾಕೋಕೆ ಮನೆಮಂದಿಯೆಲ್ಲ ಬಂದಿದೀರಾ?"

ಎದುರು ಮನೆಯ ಮಹಡಿಯಲ್ಲಿ ಒಬ್ಬ ಯಜಮಾನ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ. ಕೈಯಲ್ಲಿ ಫೋನು. "ಇವನೇ ಸಾರ್. ಹಾರೆ ಹಾಕಿ ಎತ್ತಿದ್ದನ್ನ ಕಣ್ಣಾರೆ ನೋಡಿ ನಿಮಗೆ ಫೋನ್ ಮಾಡಿದೆ." ಅವನ ಸಾಲಿನ ಮನೆಗಳ ಕಕ್ಕಸು ಕಟ್ಟಿಕೊಂಡಿದೆಯೆಂದೇ ಮೇಸ್ತ್ರಿ ನಮ್ಮನ್ನು ಕಳಿಸಿದ್ದು.

ಪೊಲೀಸ್ ಗುಂಡಿಯತ್ತ ಬಗ್ಗಿದ. "ಯಾರೋ ಒಳಗೆ? ಮಾತಾಡೋ!"

ಕತ್ತಲೆ ಮಾತಾಡಲಿಲ್ಲ.

ಒಳಗಿಳಿದವನು ಬಾಯಿ ತೆರೆಯುವುದಿಲ್ಲ. ತೆರೆದರೆ ಅಲ್ಲಿಯ ವಿಷಗಾಳಿ ಜೀವಂತ ಬಿಡುವುದಿಲ್ಲವೆಂದು ನಮ್ಮವರು ಕಲಿತಿದ್ದಾರೆ; ಕಲಿಸಿದವರು ಸತ್ತವರು. ಮಾತೆಲ್ಲ ಹಗ್ಗದಲ್ಲೇ. ಒಂದು ಸಲ ಜಗ್ಗಿದರೆ ಇದ್ದೇನೆ ಅಂತ, ಎರಡು ಸಲ ಜಗ್ಗಿದರೆ ಎತ್ತು ಅಂತ. ಅಷ್ಟು ಹೊತ್ತು ನುಂಗಿಕೊಂಡಿದ್ದ ಮಾತನ್ನು ಭಾವ ಮೇಲೆ ಬಂದು ಒಟ್ಟಿಗೇ ಉಗುಳುತ್ತಾನೆ. ಮೊದಲ ಬೈಗುಳ ಮೇಸ್ತ್ರಿಯ ತಾಯಿಗೆ, ಎರಡನೆಯದು ಬೀಡಿ ಹಚ್ಚಿಕೊಡಲು ತಡಮಾಡಿದ ನನಗೆ.

ಹಗ್ಗ ಒಂದು ಸಲ ಜಗ್ಗಿತು.

"ನೋಡಿ ಸಾರ್! ಇದಾನೆ. ಬೇಕಾದ್ರೆ ಹಿಡಿದು ನೋಡಿ."

ಚಾಚಿದ ಹಗ್ಗದಿಂದ ಕಪ್ಪಗೆ ತೊಟ್ಟಿಕ್ಕುತ್ತಿತ್ತು. ಅವನು ಕೈ ಹಿಂದಕ್ಕೆಳೆದುಕೊಂಡ. "ಥೂ! ಆ ಹೇಲನ್ನ ನಾನು ಮುಟ್ಬೇಕಾ? ನೀನೇ ಅಲ್ಲಾಡಿಸಿ ನಾಟಕ ಆಡ್ತೀಯಾ?"

ಮೇಸ್ತ್ರಿಯ ನಂಬರು ಕೊಟ್ಟೆ. ಫೋನಿನಲ್ಲಿ ಅವನ ದನಿ ಗಟ್ಟಿಯಾಗಿಯೇ ಕೇಳಿಸಿತು. "ಗುಂಡಿಗೆ ಮನುಷ್ಯರನ್ನ ಇಳಿಸೋ ಹಾಗೇ ಇಲ್ವಲ್ಲ ಸಾರ್? ಅವನ್ಯಾರೋ, ನಮ್ಮವನಲ್ಲ."

"ವಾಸನೆ ತಡೆಯೋಕಾಗ್ತಿಲ್ಲ ಸಾರ್," ಎಂದ ಮಹಡಿಯವನು. "ಮೊದಲು ಮುಚ್ಚಿಸಿ."

ಪೊಲೀಸ್ ಮುಚ್ಚಳವನ್ನು ಬೂಟಿನಿಂದ ನೂಕಿ ನೂಕಿ ಗುಂಡಿಯ ಬಾಯಿಗೆ ತಂದ. ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದರಲ್ಲಿ ಅವನ ಕಾಲು ಹಿಡಿದೆ. ಒದ್ದ. ಹಗ್ಗ ಅಂಚಿಗೆ ಸಿಕ್ಕಿಕೊಂಡು ಮುಚ್ಚಳ ಪೂರ್ತಿ ಕೂರಲಿಲ್ಲ. ಅದು ಕೂರಲೆಂದು ಅವನು ಮೇಲೇ ಹತ್ತಿ ನಿಂತ.

"ಈಗ ಹೇಳು. ಎಲ್ಲಿ ಮಾರ್ತೀರಿ?"

ಹಗ್ಗ ಜಗ್ಗಿತು. ಎರಡು ಸಲ.

ಬೆಳಿಗ್ಗೆ ನಾವು ಹೊರಡುವಾಗ ಅಕ್ಕ ನನ್ನ ಕೈಗಳನ್ನು ನೋಡುತ್ತಾಳೆ, ಅಷ್ಟೆ.

ಮತ್ತೆ ಜಗ್ಗಿತು. ಈ ಸಲ ಮೀನು ಗಾಳ ಮುಟ್ಟಿ ಬಿಟ್ಟಷ್ಟು ಹಗುರಾಗಿ.

ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಹಾರೆ ಎತ್ತಿಕೊಂಡೆ.

"ಏಯ್! ಕೆಳಗಿಡೋ!"

ಅವನ ಬೂಟಿನ ಪಕ್ಕದಲ್ಲೇ, ಮುಚ್ಚಳದ ಸಂದಿಗೆ ಹಾರೆ ತುರುಕಿದೆ. "ಇಳಿಯೋ."

"ಏನಂದೆ?"

"ಇಳಿಯೋ, ನನ್ಮಗನೆ!"

ಮೈಭಾರವೆಲ್ಲ ಹಾರೆಯ ಮೇಲೆ ಹಾಕಿದೆ. ಮುಚ್ಚಳ ವಾಲಿತು, ಅವನು ರಸ್ತೆಗೆ ಉರುಳಿದ. ನಾನು ಎಳೆಯತೊಡಗಿದೆ. ಬೆನ್ನ ಮೇಲೆ ಲಾಠಿ ಬೀಳುತ್ತಲೇ ಇತ್ತು. ಹಗ್ಗ ಈಗ ಜಗ್ಗುತ್ತಿರಲಿಲ್ಲ, ಬರೀ ಭಾರವಾಗಿ ಬರುತ್ತಿತ್ತು.

ಗುಂಡಿಯ ಅಂಚಿನಲ್ಲಿ ಮೊದಲು ತಲೆ ಕಂಡಿತು. ಆಮೇಲೆ ಮುಖ.

"ಬಂದ್ಬಿಟ್ಟೆ ಭಾವಾ. ಬಾಯಿ ಬಿಡು. ಬೈಯೋ... ನನ್ನೇ ಬೈ."

ಭಾವ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದ. ಲಾಠಿ ನಿಂತಿತ್ತು. ಮಹಡಿಯ ಬಾಗಿಲು ಹಾಕಿಕೊಂಡ ಸದ್ದಾಯಿತು.

ಕಂಕುಳಿಗೆ ಕೈ ಹಾಕಿ ಎತ್ತಲು ನನಗೆ ಎರಡೂ ಕೈ ಬೇಕಿತ್ತು. ಹಗ್ಗವನ್ನು ನನ್ನ ಮಣಿಕಟ್ಟಿನಿಂದ ಬಿಚ್ಚಿ ಪೊಲೀಸನ ಮಣಿಕಟ್ಟಿಗೆ ಸುತ್ತಿದೆ. ಅವನು ಕೈ ಹಿಂದಕ್ಕೆಳೆಯಲಿಲ್ಲ. ಅವನ ಖಾಕಿ ತೋಳಿನಿಂದ ಕಪ್ಪಗೆ ತೊಟ್ಟಿಕ್ಕತೊಡಗಿತು.

"ಹಿಡ್ಕೋ," ಎಂದೆ. "ಜಗ್ಗಿದ್ರೆ ಹೇಳು."