ಹತ್ತನೆಯ ಪದ

ಒದ್ದೆ ಮಖಮಲ್ಲು, ಸಿಗರೇಟು, ಅಪ್ಪನ ಕ್ಲಾರಿನೆಟ್ ಪೆಟ್ಟಿಗೆ. ಯೆಹೂದಿ ಪ್ರಾರ್ಥನಾ ಮಂದಿರದ ಬಾಗಿಲು ತಳ್ಳಿದೊಡನೆ ಬಾಲಿಂಟನ ಮೂಗಿಗೆ ಅದೇ ವಾಸನೆ ಬಡಿಯಿತು. ಬಾಲ್ಯ ಹೀಗೆ ಹೇಳದೆ ಕೇಳದೆ ಬಂದಾಗಲೆಲ್ಲ ಅವನಿಗೆ ರೇಗುತ್ತಿತ್ತು.

ಅವನು ಬಂದದ್ದು ಪ್ರಾರ್ಥನೆಗಲ್ಲ, ಒಂದು ಧಾಟಿಗೆ. ಅವನು ರಚಿಸುತ್ತಿದ್ದ ಕೃತಿಯ ಮೂರನೆಯ ಭಾಗ ಖಾಲಿ ಬಿದ್ದಿತ್ತು. ಬರೆದಷ್ಟನ್ನು ಕೇಳಿ ಬುಡಾಪೆಸ್ಟಿನ ಪ್ರೊಫೆಸರು ಇದು ಬರೀ ಜಾಝ್ ಎಂದಿದ್ದರು; ಜಾಝ್ ಗೆಳೆಯರು ಶವಯಾತ್ರೆ ಎಂದಿದ್ದರು. ಎರಡನ್ನೂ ಬೆಸೆಯಬಲ್ಲ ಧಾಟಿ, ಇಲ್ಲಿ ಪ್ರಾರ್ಥನೆ ಹಾಡಿಸುವ ಮುದುಕ, ಅವನು ಮಾಮ ಎಂದೇ ಕರೆಯುತ್ತಿದ್ದ ವಿಲ್ಮೋಶರ ಗಂಟಲಲ್ಲಿತ್ತು. ಅದು ಅವರ ಊರಿನದು. ಆ ಊರಿನ ಯೆಹೂದಿಗಳಲ್ಲಿ ಉಳಿದವರು ಅವರೊಬ್ಬರೇ. ಸೋಮವಾರ ಅದೇ ಗಂಟಲಿಗೆ ಆಪರೇಷನ್. ಆಮೇಲೆ ದನಿ ಇರುವುದಿಲ್ಲ.

ಹತ್ತು ಯೆಹೂದಿ ಗಂಡಸರು ಸೇರದೆ ಅದನ್ನು ಹಾಡುವಂತಿಲ್ಲ.

ಮಂದಿರ ನೋಡಿಕೊಳ್ಳುವ ಡೆಜೋ ಎಣಿಸಲು ಎದ್ದರು. ಮನುಷ್ಯರನ್ನು ಅಂಕಿಗಳಿಂದ ಎಣಿಸಬಾರದೆಂಬುದು ಅವರ ಸಂಪ್ರದಾಯ. ಧರ್ಮಗ್ರಂಥದ ಹತ್ತು ಪದಗಳ ಸಾಲೊಂದನ್ನು ತಲೆಗೊಂದು ಪದದಂತೆ ಹಂಚುತ್ತಾರೆ. ಬೆರಳು ಬಾಲಿಂಟನನ್ನು ದಾಟಿ ಹೋಯಿತು. ಒಂಬತ್ತನೆಯ ಪದಕ್ಕೆ ಸಾಲು ನಿಂತಿತು.

"ನಾನಿದ್ದೀನಲ್ಲ," ಎಂದ ಬಾಲಿಂಟ್.

"ಇದ್ದೀಯಪ್ಪ. ಯಾರು ಇಲ್ಲ ಅಂದ್ರು?"

"ಅಪ್ಪ ಇಲ್ಲೇ ಕೂರ್ತಿದ್ರು."

"ಕೂರ್ತಿದ್ದ. ಗೊರಕೇನೂ ಹೊಡೀತಿದ್ದ. ಆದ್ರೆ ನಿಮ್ಮಮ್ಮ ಚರ್ಚಲ್ಲಿ ಆರ್ಗನ್ ನುಡಿಸ್ತಿದ್ಲು. ಯೆಹೂದಿತನ ತಾಯಿ ಕಡೆಯಿಂದ ಬರೋದು, ಮಗಾ. ನಾನು ಮಾಡಿದ ಕಾನೂನಲ್ಲ."

ಹತ್ತನೆಯವನಿಗಾಗಿ ಕಾದರು. ಶನಿವಾರ ಅವರ ಸಬ್ಬತ್ ದಿನ, ಯಾರಿಗೂ ಫೋನ್ ಮಾಡುವಂತಿರಲಿಲ್ಲ.

ಬಾಲಿಂಟ್ ವಿಲ್ಮೋಶರ ಪಕ್ಕಕ್ಕೆ ಸರಿದ. "ಮಾಮ, ನನ್ನ ಕಿವಿಗಷ್ಟೇ. ಮೆಲ್ಲಗೆ."

"ಒಬ್ಬನೇ ಹಾಡೋದಲ್ಲ ಅದು. ನಾನು ಕೂಗ್ತೀನಿ, ಅವರು ಓಗೊಡ್ತಾರೆ."

"ನಾನು ಓಗೊಡ್ತೀನಿ."

ಮುದುಕರು ಅವನ ಮಡಚಿಹೋಗಿದ್ದ ಕಾಲರನ್ನು ಸರಿಮಾಡಿದರು. "ನೀನೇ ಒಂದು ಕಟ್ಟಿಕೋ. ಚೆನ್ನಾಗಿ ಬರೀತೀಯಂತೆ."

"ಯಾರು ಹೇಳಿದ್ರು?"

ವಿಲ್ಮೋಶರು ಯೋಚಿಸಿದರು. "ಯಾರೂ ಇಲ್ಲ."

ಹತ್ತನೆಯವನು ಬರಲಿಲ್ಲ. ಆ ಹಾಡಿನ ಭಾಗವನ್ನು ಬಿಟ್ಟು, ಒಬ್ಬೊಬ್ಬರೂ ತಮ್ಮಷ್ಟಕ್ಕೆ ಗೊಣಗಿಕೊಂಡು ಪ್ರಾರ್ಥನೆ ಮುಗಿಸಿದರು. ಪುಸ್ತಕಗಳು ಮುಚ್ಚಿಕೊಂಡವು. ಬಾಲಿಂಟನಿಗೆ ಯಾರ ಮೇಲಾದರೂ ಸಿಟ್ಟು ಮಾಡಬೇಕೆನಿಸಿತು, ಆದರೆ ಎಲ್ಲರೂ ಒಳ್ಳೆಯವರಾಗಿದ್ದರು.

ಹೊರಡಲು ಎದ್ದವನನ್ನು ಡೆಜೋ ತೋಳು ಹಿಡಿದು ಒಳಕೋಣೆಯ ಮೇಜಿಗೆ ಕರೆದೊಯ್ದರು. "ಊಟಕ್ಕೆ ಲೆಕ್ಕ ಇಲ್ಲ ಮಾರಾಯ, ಕೂತ್ಕೋ." ರಾತ್ರಿಯಿಡೀ ಬೆಂದ ಕಾಳು, ಬಾರ್ಲಿ, ಮೇಲೊಂದು ಕಂದು ಮೊಟ್ಟೆ. ಪಾತ್ರೆ ಅವನವರೆಗೆ ಬರುವಷ್ಟರಲ್ಲಿ ಬರಿದಾಗಿತ್ತು. ವಿಲ್ಮೋಶರ ಹೊರತು ಯಾರೂ ಗಮನಿಸಲಿಲ್ಲ.

ಅವರು ತಾವು ಮುಟ್ಟದ ತಟ್ಟೆಯನ್ನು ಸದ್ದಿಲ್ಲದೆ ಅವನತ್ತ ಸರಿಸಿದರು. ಅವರಿಗೆ ನುಂಗಲಾಗುತ್ತಿರಲಿಲ್ಲ.

ಬಾಲಿಂಟ್ ಚಮಚ ಎತ್ತಿದ. ಅವನು ನುಂಗುವಾಗಲೆಲ್ಲ ಮುದುಕರು ಅವನ ಗಂಟಲನ್ನೇ ನೋಡುತ್ತಿದ್ದರು.