ಮೂಟೆಗೆ ಪಳಗಿದ ಕೈ

ನಾಲ್ಕನೇ ಬ್ರೆಡ್ಡು ಅಚ್ಚಿನಿಂದ ಮೇಜಿನ ಮೇಲೆ ಬಿದ್ದಾಗ ಠಕ್ಕೆಂದು ಸದ್ದು ಬಂತು. ಬ್ರೆಡ್ಡು ಬಿದ್ದರೆ ಹಾಗೆ ಸದ್ದು ಬರಬಾರದು. ಇದನ್ನು ಬ್ರೆಡ್ಡಣ್ಣನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂವತ್ತೆಂಟು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿಯೇ ಅವನು ಇಡೀ ಕಟ್ಟಡಕ್ಕೆ ಬ್ರೆಡ್ಡಣ್ಣನಾದದ್ದು. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡಿ, ಕುರ್ಚಿಯಲ್ಲಿ ಕುಳಿತ.

"ಲೆಕ್ಕದಲ್ಲಿ ತಪ್ಪಿಲ್ಲ," ಎಂದರು ಎದುರುಮನೆಯ ಲೆಕ್ಕದ ಮೇಷ್ಟ್ರು, ತಮ್ಮ ಚೀಟಿಯನ್ನು ಇನ್ನೊಮ್ಮೆ ಓದಿ. "ನೀವು ಹೇಳಿದ್ದು ಒಂದು ಮೂಟೆ ಲೆಕ್ಕ, ಇಪ್ಪತ್ತೈದು ಕಿಲೋ. ಉಪ್ಪು, ಈಸ್ಟು, ನೀರು ಎಲ್ಲಾನೂ ಐವತ್ತರಿಂದ ಭಾಗಿಸಿದ್ದೀನಿ. ಒಂದು ಗ್ರಾಂ ಆಚೀಚೆ ಆಗಿಲ್ಲ."

"ಅರ್ಧ ಕಿಲೋ ಹಿಟ್ಟು ಕೈಗೇ ಸಿಗಲ್ಲ ಮೇಷ್ಟ್ರೇ. ಬೆರಳ ಸಂದೀಲೇ ಮುಗಿದುಹೋಗತ್ತೆ. ಬಿಗಿಯಾಯ್ತಾ, ಬೆಚ್ಚಗಾಯ್ತಾ, ಒಂದೂ ಗೊತ್ತಾಗಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹೋಗ್ಲಿ ಬಿಡಿ, ಬಾಗಿಲಿಗೆ ಒತ್ತುಕೊಡೋಕೆ ಇದು ಚೆನ್ನಾಗಿರತ್ತೆ."

ಮೇಷ್ಟ್ರು ಕೆಟ್ಟವರಲ್ಲ, ಬಾಯಿ ಮಾತ್ರ ಸ್ವಲ್ಪ ಉದ್ದ. ಆದರೆ ಆ ಮಾತು ಬ್ರೆಡ್ಡಣ್ಣನಿಗೆ ನಾಟಿತು. ಬೇಕರಿಗೆ ನಾದುವ ಮಿಷಿನ್ನು ಬಂದು, ಮಾಲೀಕ ಇವನ ಕೈಕುಲುಕಿ ಮನೆಗೆ ಕಳಿಸಿ ಐದು ತಿಂಗಳಾಗಿತ್ತು. ಮನೆಯಲ್ಲೇ ಮಾಡ್ತೀನಿ ಎಂದು ಜಂಭದಿಂದ ಹೊರಟವನಿಗೆ ಒಂದೇ ಒಂದು ಬ್ರೆಡ್ಡು ಉಬ್ಬಿರಲಿಲ್ಲ. ಮೇಷ್ಟ್ರು ಹೋದ ಮೇಲೆ ಹಿಟ್ಟು ಕತ್ತರಿಸುವ ಅಗಲ ಅಲಗನ್ನು ಡ್ರಾಯರಿನಿಂದ ತೆಗೆದು, ಗುಜರಿಗೆ ಎತ್ತಿಟ್ಟ ಹಳೇ ಪೇಪರಿನ ಕಟ್ಟಿನ ಮೇಲೆ ಹಾಕಿದ. ಅದರ ಮರದ ಹಿಡಿ ಅವನ ಬೆರಳುಗಳ ಆಕಾರಕ್ಕೇ ಸವೆದಿತ್ತು.

"ಕಸುಬು ಬೇಕರಿದಾಗಿತ್ತು ಕಣೇ," ಎಂದ ಹೆಂಡತಿಗೆ. "ನಂದಲ್ಲ."

ಹೆಂಡತಿ ಆಸ್ಪತ್ರೆಯಲ್ಲಿ ದೊಡ್ಡ ನರ್ಸಾಗಿದ್ದವಳು. ಇನ್ನು ಏಳಲಾರೆ ಎನ್ನುವ ರೋಗಿಗಳ ದನಿ ಅವಳಿಗೆ ಚೆನ್ನಾಗಿ ಗೊತ್ತು. ಅಂಥವರಿಗೆ ಸಮಾಧಾನ ಹೇಳಿದರೆ ಇನ್ನಷ್ಟು ಮಲಗುತ್ತಾರೆ ಎಂಬುದೂ ಗೊತ್ತು.

ಮರುದಿನ ಭಾನುವಾರ. ಬೆಳಿಗ್ಗೆ ಸಗಟು ಅಂಗಡಿಯ ಗಾಡಿಯವನು ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ, ನಡುಮನೆಯಲ್ಲಿ ಒಂದು ಮೂಟೆ ಇಳಿಸಿದ. ಹಿಂದೆಯೇ ಹೆಂಡತಿ ಎರಡು ಹೊಸ ಪ್ಲಾಸ್ಟಿಕ್ ಟಬ್ಬು ಹಿಡಿದು ಬಂದಳು.

"ಏನೇ ಇದು?"

"ಮೈದಾ. ಈಸ್ಟು ಅರ್ಧ ಕಿಲೋ ಪ್ಯಾಕೇ ಇರೋದಂತೆ, ಅದನ್ನೂ ತಂದಿದೀನಿ."

"ತಲೆ ಕೆಟ್ಟಿದ್ಯಾ? ಇರೋರು ಇಬ್ಬರು!"

"ಕಟ್ಟಡದಲ್ಲಿ ಹನ್ನೆರಡು ಮನೆ ಇದೆ. ಏಳಿ, ಕೈ ತೊಳ್ಕೊಳ್ಳಿ."

"ಹಾಳಾದ್ರೆ?"

"ಹಾಳಾದ್ರೆ ಹನ್ನೆರಡು ಮನೆ ಬಾಗಿಲಿಗೂ ಒತ್ತು ಆಯ್ತು."

ಅವನಿಗೆ ನಗು ಬಂದುಬಿಟ್ಟಿತು. ನಕ್ಕ ಮೇಲೆ ಏಳದೆ ಗತಿಯಿರಲಿಲ್ಲ.

ಮೊದಲ ಟಬ್ಬಿಗೆ ಅರ್ಧ ಮೂಟೆ ಸುರಿದು, ಮಂಡಿಯೂರಿ ಕುಳಿತು, ಮೊಣಕೈವರೆಗೆ ಕೈ ಇಳಿಸಿದ. ಚೆಂಬು ಹಿಡಿದು ನಿಂತ ಹೆಂಡತಿ ಕೇಳಿದಳು, "ನೀರೆಷ್ಟು?"

"ಹಾಕ್ತಾ ಇರು, ಹೇಳ್ತೀನಿ."

ಅವನ ಭುಜ ಏರಿ ಇಳಿಯತೊಡಗಿತು. ಹಿಟ್ಟು ಮೊದಲು ಮೊಂಡುಹಿಡಿಯಿತು, ಅಂಟಿತು, ಕೊನೆಗೆ ಟಬ್ಬಿನ ಅಂಚು ಬಿಟ್ಟು ಒಂದೇ ಮುದ್ದೆಯಾಗಿ ಹೊರಳಿತು. "ಸಾಕು," ಎಂದ. ಆ 'ಸಾಕು' ಹೇಳುವಾಗ ಅವನು ನೀರನ್ನು ನೋಡಲೂ ಇಲ್ಲ. ಬಾಗಿಲಲ್ಲಿ ಚೀಟಿ, ಪುಟ್ಟ ತಕ್ಕಡಿ ಹಿಡಿದು ನಿಂತಿದ್ದ ಮೇಷ್ಟ್ರನ್ನೂ ನೋಡಲಿಲ್ಲ.

ಎರಡನೆಯದನ್ನೂ ನಾದಿ, ಎರಡರ ಮೇಲೂ ಒದ್ದೆ ಬಟ್ಟೆ ಹೊದಿಸಿ ಕುಳಿತರು. ಅರ್ಧ ಗಂಟೆ ಏನೂ ಇಲ್ಲ. ಬ್ರೆಡ್ಡಣ್ಣ ಕಿಟಕಿಗೂ ಟಬ್ಬಿಗೂ ಓಡಾಡಿದ. ಒಂದು ಗಂಟೆಯ ಹೊತ್ತಿಗೆ ಬಟ್ಟೆ ಮೆಲ್ಲನೆ ಮೇಲೆದ್ದಿತ್ತು, ಉಂಡು ಮಲಗಿದವರ ಹೊಟ್ಟೆಯ ಹಾಗೆ. ಅವನು ಬಟ್ಟೆ ಸರಿಸಿ ಅಂಗೈ ಇಟ್ಟ. ಬೆಚ್ಚಗಿತ್ತು.

"ಬಂತು," ಎಂದ. "ಬಂತು ಕಣೇ!"

"ಬರದೆ ಎಲ್ಲಿ ಹೋಗತ್ತೆ?" ಎಂದಳು ಅವಳು. ಆದರೆ ಅವಳ ಕಣ್ಣು ತುಂಬಿತ್ತು. ಪೇಪರಿನ ಕಟ್ಟಿನಿಂದ ಎತ್ತಿ ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಅಲಗನ್ನು ತೆಗೆದು ಅವನ ಕೈಗಿಟ್ಟು, ಮನೆಮನೆಗೂ ಹೊರಟಳು. "ಇರೋ ಅಚ್ಚು, ಡಬ್ಬಿ ಎಲ್ಲಾ ಮೇಲೆ ಕಳಿಸಿ. ನಿಮ್ಮ ಓವನ್ ಈಗಲೇ ಹಚ್ಚಿ. ಮಧ್ಯೆ ತೆಗೆದು ನೋಡಿದ್ರೆ ಜೋಕೆ!" ಎಂಬ ಅವಳ ವಾರ್ಡಿನ ಗಂಟಲು ಕೆಳಗಿನ ಮಹಡಿಯಿಂದಲೂ ಕೇಳುತ್ತಿತ್ತು.

ಬ್ರೆಡ್ಡಣ್ಣ ಕತ್ತರಿಸತೊಡಗಿದ. ಮೇಷ್ಟ್ರು ಮೊದಲ ತುಂಡನ್ನು ತಕ್ಕಡಿಗಿಟ್ಟರು: ಆರುನೂರ ಐವತ್ತು ಗ್ರಾಂ. ಎರಡನೆಯದೂ ಅಷ್ಟೇ. ಮೂರನೆಯದು, ಏಳನೆಯದು, ಹತ್ತನೆಯದು. ಹನ್ನೊಂದನೆಯದನ್ನು ಅವರು ತೂಗಲಿಲ್ಲ. ಚೀಟಿಯನ್ನು ಮಡಚಿ ಜೇಬಿಗಿಟ್ಟು, ಅಂಗಿಯ ತೋಳು ಮಡಚಿದರು.

"ಹೇಳಿ ಬ್ರೆಡ್ಡಣ್ಣ, ನಾನೇನು ಮಾಡ್ಲಿ?"

"ಅಚ್ಚಿಗೆ ಎಣ್ಣೆ ಸವರಿ. ಅಳೆದು ತೂಗಬೇಡಿ, ಸವರಿ ಅಷ್ಟೇ."

ಮಧ್ಯಾಹ್ನದ ಹೊತ್ತಿಗೆ ಎಂಟು ಮನೆಗಳ ಓವನ್‌ಗಳಿಂದ ಬ್ರೆಡ್ಡುಗಳು ಬರತೊಡಗಿದವು. ಮೆಟ್ಟಿಲ ತುಂಬ ಅದೇ ಪರಿಮಳ. ಬಂದವರು ಅಲ್ಲೇ ನಿಂತು ಮುರಿದು ತಿಂದರು, ಬಾಯಿ ಸುಟ್ಟುಕೊಂಡರು, ಮುಂದಿನ ಮೂಟೆ ಯಾವಾಗ ಎಂದು ಕೇಳಿದರು. ಬ್ರೆಡ್ಡಣ್ಣ ಒಂದೊಂದನ್ನೂ ತಿರುಗಿಸಿ, ತಳ ತಟ್ಟಿ, ಕಿವಿಗೊಟ್ಟು, ತಲೆಯಾಡಿಸಿ ಕಳಿಸುತ್ತಿದ್ದ.

ಎಲ್ಲರ ಕೈಯಲ್ಲೂ ಬಿಸಿ ತಟ್ಟೆ. ಬಾಗಿಲು ಮಾತ್ರ ಗಾಳಿಗೆ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಮೇಷ್ಟ್ರು ಅತ್ತಿತ್ತ ನೋಡಿ, ಮೇಜಿನ ಮೂಲೆಯಲ್ಲಿದ್ದ ನಿನ್ನೆಯ ನಾಲ್ಕನೇ ಬ್ರೆಡ್ಡನ್ನು ತಂದು ಬಾಗಿಲಿಗೆ ಒತ್ತಿಟ್ಟರು. ಸಂಜೆಯವರೆಗೂ ಅದು ಅಲ್ಲಿಂದ ಅಲುಗಲಿಲ್ಲ, ಬಾಗಿಲೂ ಮುಚ್ಚಲಿಲ್ಲ.